ಮುಟ್ಟಿನ ನೋವಿಗೆ ಮನೆಮದ್ದು: ಯಾವುದು ಎನ್ನುವಷ್ಟೇ ಯಾವಾಗ ಎನ್ನುವುದೂ ಮುಖ್ಯ

ಪ್ರಶ್ನೆ: ನನಗೆ 26 ವರ್ಷ. ಮುಟ್ಟಾಗುವ ಒಂದು ವಾರ ಮೊದಲೇ ಎದೆ ಬಿಗಿಯುತ್ತದೆ, ಹೊಟ್ಟೆ ಉಬ್ಬುತ್ತದೆ. ಸಣ್ಣ ಮಾತಿಗೂ ಸಿಟ್ಟು, ಇಲ್ಲವೇ ಅಳು. ಮುಟ್ಟಾದ ಮೊದಲ ಎರಡು ದಿನ ಕಿಬ್ಬೊಟ್ಟೆಯಲ್ಲಿ ಹಿಂಡಿದಂಥ ನೋವು. ಸೊಂಟ, ತೊಡೆಗೂ ಇಳಿಯುತ್ತದೆ. ಒಮ್ಮೊಮ್ಮೆ ಭೇದಿಯೂ ಆಗುತ್ತದೆ. ಮಾತ್ರೆ ಅಭ್ಯಾಸವಾಗಿಬಿಡುತ್ತದೆ ಎಂದು ಹೆದರಿ ತೆಗೆದುಕೊಳ್ಳುವುದಿಲ್ಲ. ನೋವು ತಡೆಯಲಾರದೆ ಮಲಗಿದಾಗ ಶುಂಠಿ ಕಷಾಯ ಕುಡಿದೆ. ಗೆಳತಿ ಹೇಳಿದ ಗಿಡಮೂಲಿಕೆ ಕ್ಯಾಪ್ಸೂಲನ್ನು ಎರಡು ವಾರ ನುಂಗಿದೆ. ಪ್ರಯೋಜನವಾಗಲಿಲ್ಲ. ನಿಜವಾಗಿ ಕೆಲಸ ಮಾಡುವ ಮನೆಮದ್ದು ಇದೆಯೇ? ಮಕ್ಕಳಾದ ಮೇಲೆ ತಾನಾಗಿ ಸರಿಹೋಗುತ್ತದೆ ಎನ್ನುತ್ತಾರೆ, ಹೌದೇ?

ಉತ್ತರ: ಇದೆ. ನೀವು ಕುಡಿದ ಶುಂಠಿಯೇ ಅದರಲ್ಲಿ ಒಂದು. ಆದರೆ ಕುಡಿದ ಹೊತ್ತು ತಪ್ಪಿತ್ತು. ಕ್ಯಾಪ್ಸೂಲಿನದೂ ಅದೇ ಕಥೆ. ಅಂಥ ಗಿಡಮೂಲಿಕೆಯಿಂದ ಫಲ ಇದೆಯೋ ಇಲ್ಲವೋ ಎಂಬುದು ಎರಡು ವಾರದಲ್ಲಿ ತಿಳಿಯುವುದೇ ಇಲ್ಲ. ನನ್ನ ಬಳಿ ಬರುವ ಎಷ್ಟೋ ಹೆಣ್ಣುಮಕ್ಕಳು "ಎಲ್ಲಾ ಮಾಡಿ ನೋಡಿದೆ ಡಾಕ್ಟ್ರೇ, ಏನೂ ಆಗಲಿಲ್ಲ" ಅನ್ನುತ್ತಾರೆ. ವಿಚಾರಿಸಿದರೆ ಮದ್ದು ಸರಿಯಾಗಿಯೇ ಇರುತ್ತದೆ, ತೆಗೆದುಕೊಂಡ ದಿನ ತಪ್ಪಿರುತ್ತದೆ. ಅದಕ್ಕೇ ಈ ಉತ್ತರದಲ್ಲಿ 'ಯಾವಾಗ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಒಂದು ವಿಷಯ. ನೀವು ಬರೆದಿರುವುದು ಒಂದು ತೊಂದರೆ ಅಲ್ಲ, ಎರಡು. ಮುಟ್ಟಿಗೆ ಒಂದು ವಾರ ಮುಂಚೆ ಬರುವ ಉಬ್ಬರ, ಸಿಟ್ಟು, ಅಳು ಒಂದು. ಇದನ್ನೇ ಪಿಎಂಎಸ್ ಅನ್ನುವುದು. ಮುಟ್ಟು ಶುರುವಾದ ಮೇಲಿನ ಹೊಟ್ಟೆನೋವು ಇನ್ನೊಂದು. ಎರಡೂ ಒಂದರ ಹಿಂದೊಂದು ಬರುವುದರಿಂದ ಒಂದೇ ಕಾಯಿಲೆ ಅನಿಸುತ್ತದೆ. ಆದರೆ ಎರಡರ ಕಾರಣ ಬೇರೆ, ಮದ್ದೂ ಬೇರೆ. ಹೊಟ್ಟೆನೋವಿಗೆ ಒಳ್ಳೆಯದಾದ ಶುಂಠಿಯನ್ನು ಸಿಟ್ಟಿಗೆ ಕುಡಿದರೆ ಅದರಿಂದ ಹೆಚ್ಚೇನೂ ನಿರೀಕ್ಷಿಸುವಂತಿಲ್ಲ.

ನೋವಿನಿಂದಲೇ ಶುರು ಮಾಡೋಣ. ಗರ್ಭಕೋಶ ಎಂದರೆ ಒಂದು ಸ್ನಾಯುವಿನ ಚೀಲ. ಪ್ರತಿ ತಿಂಗಳೂ ಅದರ ಒಳಪದರ ಬೆಳೆಯುತ್ತದೆ. ಗರ್ಭ ನಿಲ್ಲದಿದ್ದರೆ ಪ್ರೊಜೆಸ್ಟರಾನ್ ಎಂಬ ಹಾರ್ಮೋನ್ ಇಳಿಯುತ್ತದೆ, ಪದರ ಕಳಚುತ್ತದೆ. ಕಳಚುವ ಹೊತ್ತಿಗೆ ಆ ಪದರದಿಂದ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕ ಹೊರಬರುತ್ತದೆ. ಅದು ಗರ್ಭಕೋಶದ ಸ್ನಾಯುವನ್ನು ಬಿಗಿಯಾಗಿ ಹಿಂಡುತ್ತದೆ. ಹಿಂಡಿದಾಗ ಅಲ್ಲಿಗೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಆ ಜಾಗ ನೋಯುತ್ತದೆ. ಕೆಲವರಲ್ಲಿ ಈ ರಾಸಾಯನಿಕ ಜಾಸ್ತಿ ಉಂಟಾಗುತ್ತದೆ, ಅವರಿಗೆ ನೋವೂ ಜಾಸ್ತಿ. ಇದೇ ವಸ್ತು ಕರುಳನ್ನೂ ಕೆರಳಿಸುತ್ತದೆ. ನಿಮಗೆ ಆ ದಿನಗಳಲ್ಲಿ ಭೇದಿಯಾಗುವುದು ಅದಕ್ಕೇ. ತಿಂದದ್ದರಲ್ಲಿ ತಪ್ಪು ಹುಡುಕಬೇಡಿ.

ಇದು ತಿಳಿದದ್ದು ತೀರಾ ಹಿಂದೇನಲ್ಲ. ಅದಕ್ಕೂ ಮೊದಲು ಮುಟ್ಟಿನ ನೋವು ಹೇಳಿಕೊಂಡ ಹೆಂಗಸರಿಗೆ "ಎಲ್ಲಾ ನಿನ್ನ ಮನಸ್ಸಿನಲ್ಲಿದೆ" ಎಂದು ವೈದ್ಯರೇ ಹೇಳುತ್ತಿದ್ದರು. 1957ರಲ್ಲಿ ಪಿಕಲ್ಸ್ ಎಂಬ ವಿಜ್ಞಾನಿ, ಸ್ನಾಯುವನ್ನು ಬಿಗಿಸುವ ವಸ್ತುವೊಂದು ಮುಟ್ಟಿನ ಸ್ರಾವದಲ್ಲೇ ಇದೆ ಎಂದು ತೋರಿಸಿದರು. 1971ರಲ್ಲಿ ಜಾನ್ ವೇನ್, ಆಸ್ಪಿರಿನ್‌ನಂಥ ಮಾತ್ರೆಗಳು ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನೇ ತಡೆಯುತ್ತವೆ ಎಂದು ಕಂಡುಹಿಡಿದರು. 1982ರ ನೊಬೆಲ್ ಬಹುಮಾನದಲ್ಲಿ ಅವರಿಗೂ ಪಾಲು ಬಂತು. ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ನಿಮ್ಮ ನೋವು ಕಲ್ಪನೆಯಲ್ಲ. ಅದಕ್ಕೆ ಹೆಸರಿದೆ, ಅಳತೆಯಿದೆ. ಯಾರಾದರೂ "ಎಲ್ಲರಿಗೂ ಬರೋದೇ, ಸುಮ್ನೆ ಇರು" ಎಂದರೆ ನೀವು ಸುಮ್ಮನಿರಬೇಕಾಗಿಲ್ಲ.

ಈಗ 'ಯಾವಾಗ' ಎನ್ನುವುದು ಅರ್ಥವಾಗುತ್ತದೆ, ಅಲ್ವಾ? ಪ್ರೊಸ್ಟಾಗ್ಲಾಂಡಿನ್ ಹುಟ್ಟುವುದನ್ನು ತಡೆಯಬೇಕಾದರೆ ಅದು ಹುಟ್ಟುವ ಮುಂಚೆಯೇ ಮದ್ದು ಒಳಗಿರಬೇಕು. ನೋವು ಜೋರಾಗಿ ಹಾಸಿಗೆ ಹಿಡಿದ ಮೇಲೆ ಕುಡಿದರೆ, ಆಗಲೇ ಹುಟ್ಟಿಬಿಟ್ಟಿರುವುದನ್ನು ಅದು ಅಳಿಸಲಾರದು. ಅದಕ್ಕೆ ನಾನು ಕೊಡುವ ಮೊದಲ ಮದ್ದು ಒಂದು ಪುಸ್ತಕ, ಒಂದು ಪೆನ್ನು. ಫೋನಿನಲ್ಲಾದರೂ ಸರಿ. ದಿನಾ ರಾತ್ರಿ ಒಂದು ಸಾಲು ಬರೆಯಿರಿ: ಇವತ್ತು ನೋವು ಹತ್ತರಲ್ಲಿ ಎಷ್ಟು, ಮನಸ್ಸು ಹೇಗಿತ್ತು, ನಿದ್ದೆ ಎಷ್ಟು, ರಕ್ತ ಎಷ್ಟು ಹೋಯಿತು. ಎರಡು ತಿಂಗಳು ಬರೆದರೆ ನಿಮ್ಮ ಮೈಯ ಲೆಕ್ಕ ನಿಮಗೇ ಗೊತ್ತಾಗುತ್ತದೆ. ಸೊಂಟ ಭಾರವಾದ ಮಾರನೇ ದಿನ ಮುಟ್ಟಾಗುತ್ತದೆ ಎಂಬಂಥ ಸೂಚನೆಗಳು ಸಿಗುತ್ತವೆ. ಮದ್ದು ಶುರುವಾಗಬೇಕಾದದ್ದು ಆ ದಿನ.

ಮನೆಮದ್ದುಗಳಲ್ಲಿ ನಾನು ಮೊದಲ ಜಾಗ ಕೊಡುವುದು ಶಾಖಕ್ಕೆ. ಬಿಸಿನೀರಿನ ಚೀಲವನ್ನು ಕಿಬ್ಬೊಟ್ಟೆ ಮೇಲೆ ಇಟ್ಟುಕೊಳ್ಳುವುದು ತೀರಾ ಹಳೆಯ ಉಪಾಯ. ಹಳೆಯದು ಎಂದು ಅದನ್ನು ಹಗುರವಾಗಿ ಕಾಣುವವರೇ ಜಾಸ್ತಿ. ಆದರೆ 2001ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಸುಮಾರು 39 ಡಿಗ್ರಿ ಸೆಲ್ಸಿಯಸ್ ಬಿಸಿಯ ಪಟ್ಟಿಯನ್ನು ದಿನಕ್ಕೆ 12 ಗಂಟೆಯಂತೆ ಎರಡು ದಿನ ಹೊಟ್ಟೆಗೆ ಕಟ್ಟಿದರು. ಇನ್ನು ಕೆಲವರಿಗೆ 400 ಮಿಲಿಗ್ರಾಂ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆಯನ್ನು ದಿನಕ್ಕೆ ಮೂರು ಸಲ ಕೊಟ್ಟರು. ಎರಡೂ ನೋವನ್ನು ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಇಳಿಸಿದವು. ಮಾತ್ರೆ ಮತ್ತು ಶಾಖ ಎರಡನ್ನೂ ಪಡೆದವರಿಗೆ ನೋವು ಇಳಿದದ್ದು ಸುಮಾರು ಒಂದೂವರೆ ಗಂಟೆಯಲ್ಲಿ. ಬರೀ ಮಾತ್ರೆ ತೆಗೆದುಕೊಂಡವರಿಗೆ ಮೂರು ಗಂಟೆಗೆ ಸ್ವಲ್ಪ ಕಡಿಮೆ ಹಿಡಿಯಿತು.

ಇಲ್ಲಿ ಗಮನಿಸಬೇಕಾದದ್ದು, ಆ ಪಟ್ಟಿ ಸುಡುವಷ್ಟು ಬಿಸಿ ಇರಲಿಲ್ಲ. ಮೈಯ ಬಿಸಿಗಿಂತ ಒಂದೆರಡು ಡಿಗ್ರಿ ಜಾಸ್ತಿ, ಅಷ್ಟೇ. ಆದರೆ ಹೊತ್ತು ದೀರ್ಘ. ನಾವು ಮಾಡುವುದು ಉಲ್ಟಾ. ಕುದಿಯುವ ನೀರು ತುಂಬಿಸಿ ಹತ್ತು ನಿಮಿಷ ಇಟ್ಟು ತೆಗೆದುಬಿಡುತ್ತೇವೆ. ಹಿತವಾದ ಬಿಸಿ ಸಾಕು, ತುಂಬಾ ಹೊತ್ತು ಇರಲಿ. ಚೀಲಕ್ಕೆ ಬಟ್ಟೆ ಸುತ್ತಿ. ಅದನ್ನು ಇಟ್ಟುಕೊಂಡೇ ನಿದ್ದೆ ಹೋಗಬೇಡಿ. ತಿಂಗಳು ತಿಂಗಳೂ ಅತಿಯಾದ ಬಿಸಿ ತಾಗಿ ಹೊಟ್ಟೆಯ ಚರ್ಮದ ಮೇಲೆ ಬಲೆಯಂಥ ಕಂದು ಗೆರೆಗಳು ಬಿದ್ದಿರುವುದನ್ನು ನೋಡಿದ್ದೇನೆ. ಬಿಸಿನೀರಿನ ಸ್ನಾನವೂ ಒಳ್ಳೆಯದೇ.

ಎರಡನೆಯದು ಶುಂಠಿ. ಶುಂಠಿಯಲ್ಲಿರುವ ಖಾರದ ಅಂಶಗಳು ಪ್ರೊಸ್ಟಾಗ್ಲಾಂಡಿನ್ ತಯಾರಿಗೆ ಅಡ್ಡ ಬರುತ್ತವೆ ಎಂದು ಪ್ರಯೋಗಾಲಯದಲ್ಲಿ ಕಂಡಿದೆ. ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ದಿನಕ್ಕೆ ಮುಕ್ಕಾಲು ಗ್ರಾಮಿನಿಂದ 2 ಗ್ರಾಮಿನವರೆಗೆ ಒಣಶುಂಠಿ ಪುಡಿಯನ್ನು ಮುಟ್ಟಿನ ಮೊದಲ ಮೂರ್ನಾಲ್ಕು ದಿನ ಕೊಟ್ಟಿದ್ದಾರೆ. 2009ರ ಒಂದು ಪರೀಕ್ಷೆಯಲ್ಲಿ 150 ವಿದ್ಯಾರ್ಥಿನಿಯರು ಮೂರು ಗುಂಪಾಗಿದ್ದರು. ಒಂದು ಗುಂಪಿಗೆ 250 ಮಿಲಿಗ್ರಾಂ ಶುಂಠಿ ದಿನಕ್ಕೆ ನಾಲ್ಕು ಸಲ, ಮತ್ತೊಂದಕ್ಕೆ ಮೆಫೆನಾಮಿಕ್ ಆಸಿಡ್ ಎಂಬ ನೋವಿನ ಮಾತ್ರೆ, ಇನ್ನೊಂದಕ್ಕೆ ಐಬುಪ್ರೊಫೆನ್. ಮೂರರಲ್ಲೂ ನೋವು ಇಳಿದ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇಂಥ ಪರೀಕ್ಷೆಗಳೆಲ್ಲ ಸಣ್ಣವು, ಆದ್ದರಿಂದ ಶುಂಠಿಯು ನೋವಿನ ಮಾತ್ರೆಗೆ ಸಮ ಎಂದು ನಾನು ಹೇಳುವುದಿಲ್ಲ. ಪ್ರಯತ್ನಿಸಿ ನೋಡಲು ತಕ್ಕ ಮದ್ದು ಎಂದಂತೂ ಧೈರ್ಯವಾಗಿ ಹೇಳುತ್ತೇನೆ.

ಮಾಡುವುದು ಹೀಗೆ. ಮಟ್ಟಸವಾದ ಅರ್ಧ ಟೀ ಚಮಚ ಒಣಶುಂಠಿ ಪುಡಿ ಸುಮಾರು 1 ಗ್ರಾಂ ತೂಗುತ್ತದೆ. ದಿನಕ್ಕೆ ಅಷ್ಟನ್ನು ಮೂರು ನಾಲ್ಕು ಪಾಲು ಮಾಡಿ, ಊಟ ತಿಂಡಿಯ ಜೊತೆ ಬಿಸಿನೀರಿನಲ್ಲಿ ಕಲಸಿ ಕುಡಿಯಿರಿ. ಮುಟ್ಟಿನ ಸೂಚನೆ ಸಿಕ್ಕ ದಿನವೇ ಶುರು ಮಾಡಿ ಮೂರನೇ ದಿನದವರೆಗೆ ಮುಂದುವರಿಸಿ. ಹಸಿಶುಂಠಿ ಕಷಾಯವೂ ಆಗಬಹುದು, ಆದರೆ ಅದರಲ್ಲಿ ಎಷ್ಟು ಹೊಟ್ಟೆಗೆ ಹೋಯಿತು ಎಂದು ಲೆಕ್ಕ ಸಿಗುವುದಿಲ್ಲ. ಎದೆಯುರಿ ಬಂದರೆ ಕಡಿಮೆ ಮಾಡಿ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಷ್ಟು ಪ್ರಮಾಣ ತೆಗೆದುಕೊಳ್ಳಬಾರದು.

ಸೋಂಪಿನ ಕಷಾಯಕ್ಕೂ ಚಕ್ಕೆಗೂ ಸಣ್ಣಪುಟ್ಟ ಪರೀಕ್ಷೆಗಳ ಬೆಂಬಲ ಇದೆ. ಸೋಂಪು ಹೊಟ್ಟೆಯುಬ್ಬರಕ್ಕೂ ಹಿತ ಎನಿಸಿದರೆ ಕುಡಿಯಿರಿ. ಚಕ್ಕೆಯನ್ನು ಚಮಚಗಟ್ಟಲೆ ತಿನ್ನಬೇಡಿ. ಕೆಲವು ಜಾತಿಯ ಚಕ್ಕೆಯಲ್ಲಿ ಕೂಮರಿನ್ ಎಂಬ ಅಂಶ ಇದೆ, ಜಾಸ್ತಿಯಾದರೆ ಯಕೃತ್ತಿಗೆ ಕೆಟ್ಟದ್ದು.

ಇನ್ನು ವ್ಯಾಯಾಮ. ನೋವಿದ್ದಾಗ ಎದ್ದು ಓಡಾಡಿ ಎಂದರೆ ಸಿಟ್ಟು ಬರುತ್ತದೆ, ಗೊತ್ತು. ನಾನು ಕೇಳುತ್ತಿರುವುದು ಆ ದಿನದ ವ್ಯಾಯಾಮ ಅಲ್ಲ, ತಿಂಗಳಿಡೀ ಮಾಡುವುದು. ಹಲವು ಪರೀಕ್ಷೆಗಳನ್ನು ಒಟ್ಟುಮಾಡಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2019ರ ವರದಿ ಇದರ ಬಗ್ಗೆ ಇದೆ. ವಾರಕ್ಕೆ ಮೂರು ದಿನವಾದರೂ 45ರಿಂದ 60 ನಿಮಿಷ ಮೈ ಬಳಸಿದವರಿಗೆ ಮುಟ್ಟಿನ ನೋವು ಗಮನಕ್ಕೆ ಬರುವಷ್ಟು ಕಡಿಮೆಯಾಯಿತು ಎನ್ನುತ್ತದೆ ಅದು. ಬೆವರು ಸುರಿಸುವ ವ್ಯಾಯಾಮವೇ ಆಗಬೇಕೆಂದಿಲ್ಲ. ಯೋಗ, ನಿಧಾನದ ಸ್ಟ್ರೆಚಿಂಗ್ ಕೂಡ ಲೆಕ್ಕಕ್ಕೆ ಬಂದಿವೆ. ನಿಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಿ. ಇಷ್ಟವಿಲ್ಲದ್ದು ಮೂರನೇ ವಾರಕ್ಕೆ ನಿಂತುಹೋಗುತ್ತದೆ. ಇದರಲ್ಲಿ ಒಂದು ಲಾಭ ಬೇರೆಯೇ ಇದೆ: ಮುಟ್ಟಿನ ನೋವು, ಮುಟ್ಟಿನ ಮುಂಚಿನ ಸಿಡಿಮಿಡಿ, ಎರಡಕ್ಕೂ ನೆರವಾಗುವುದು ಇದೊಂದೇ ಅಭ್ಯಾಸ ಅನ್ನಬಹುದು.

ಪಾದದ ಮೇಲಿರುವ ಒಳಗಣ ಗಂಟಿನಿಂದ ನಾಲ್ಕು ಬೆರಳು ಮೇಲೆ ಒಂದು ಜಾಗವನ್ನು ಒತ್ತುವುದು ಚೀನೀ ಪದ್ಧತಿಯಲ್ಲಿದೆ. ಬಲವಾದ ಪುರಾವೆ ಇಲ್ಲ, ಆದರೆ ಕೆಲವರಿಗೆ ಹಿತವಾಗುತ್ತದೆ, ಖರ್ಚಿಲ್ಲ. ಗರ್ಭಿಣಿಯರು ಮಾತ್ರ ಮಾಡಬಾರದು.

ಇಲ್ಲಿ ಮಾತ್ರೆಯ ಮಾತು ಹೇಳದಿದ್ದರೆ ನಿಮಗೆ ಮೋಸ ಮಾಡಿದ ಹಾಗೆ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್‌ನಂಥ ಮಾತ್ರೆಗಳು ಚಟ ಹಿಡಿಸುವುದಿಲ್ಲ. ತಿಂಗಳಿಗೆ ಎರಡು ಮೂರು ದಿನ ತೆಗೆದುಕೊಂಡರೆ ಗರ್ಭಕೋಶ ಕೆಡುವುದಿಲ್ಲ, ಮುಂದೆ ಮಕ್ಕಳಾಗುವುದಕ್ಕೂ ತೊಂದರೆಯಾಗುವುದಿಲ್ಲ. ಇವುಗಳಿಗೂ ಅದೇ ನಿಯಮ: ನೋವು ಏರುವ ಮುಂಚೆ, ಏನಾದರೂ ತಿಂದ ಮೇಲೆ. ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಇಂಥ ಮಾತ್ರೆಗೆ ಕೆರಳುವ ಆಸ್ತಮಾ ಇದ್ದವರು ಮತ್ತು ಗರ್ಭಿಣಿ ಇರಬಹುದು ಎಂಬ ಅನುಮಾನ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು. ಶಾಖ, ಶುಂಠಿ, ವ್ಯಾಯಾಮ ಸಾಕಾದರೆ ಮಾತ್ರೆ ಬೇಡ. ಸಾಲದಿದ್ದರೆ ಹಲ್ಲು ಕಚ್ಚಿ ನೋವು ತಿನ್ನುವುದರಲ್ಲಿ ಯಾವ ಒಳ್ಳೆಯದೂ ಇಲ್ಲ.

ಈಗ ಆ ಮುಂಚಿನ ವಾರ. ಇದರ ಕಾರಣ ಪ್ರೊಸ್ಟಾಗ್ಲಾಂಡಿನ್ ಅಲ್ಲ. ಅಂಡ ಬಿಡುಗಡೆಯಾದ ಮೇಲೆ ಹಾರ್ಮೋನುಗಳು ಏರಿ ಇಳಿಯುತ್ತವೆ. ಕೆಲವರ ಮಿದುಳು ಆ ಏರಿಳಿತವನ್ನು ಉಳಿದವರಿಗಿಂತ ಜಾಸ್ತಿ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಹಾರ್ಮೋನ್ ಪ್ರಮಾಣ ಮಾಮೂಲಿಯಾಗಿಯೇ ಇರುತ್ತದೆ. ಅದಕ್ಕೇ ರಕ್ತ ಪರೀಕ್ಷೆಯಲ್ಲಿ ಪಿಎಂಎಸ್ ಸಿಗುವುದಿಲ್ಲ. ಸಿಗುವುದು ಆ ಪುಸ್ತಕದಲ್ಲಿ. ತೊಂದರೆ ಮುಟ್ಟಿಗೆ ಮುಂಚೆ ಬಂದು, ಮುಟ್ಟು ಶುರುವಾದ ಕೆಲವು ದಿನದಲ್ಲಿ ಹೋಗಿ, ಆಮೇಲೆ ಒಂದಷ್ಟು ದಿನ ನೀವು ಆರಾಮಾಗಿದ್ದರೆ ಅದು ಪಿಎಂಎಸ್. ತಿಂಗಳಿಡೀ ಅಳು ಬರುತ್ತಿದ್ದರೆ ಅದು ಬೇರೆ, ಅದಕ್ಕೆ ಬೇರೆ ಸಹಾಯ ಬೇಕು.

ಈ ವಾರಕ್ಕೆ ನನಗೆ ನಂಬಿಕೆಯಿರುವ ವಸ್ತು ಕ್ಯಾಲ್ಸಿಯಂ. 1998ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 466 ಮಂದಿಯ ಲೆಕ್ಕ ಸಿಕ್ಕಿತು. ಅರ್ಧ ಜನಕ್ಕೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಉಳಿದವರಿಗೆ ಹಾಗೇ ಕಾಣುವ ಖಾಲಿ ಮಾತ್ರೆ. ಮೂರನೇ ಮುಟ್ಟಿನ ಹೊತ್ತಿಗೆ ಕ್ಯಾಲ್ಸಿಯಂ ತೆಗೆದುಕೊಂಡವರ ತೊಂದರೆ ಶೇಕಡ 48ರಷ್ಟು ಇಳಿದಿತ್ತು. ಖಾಲಿ ಮಾತ್ರೆಯವರದೂ ಶೇಕಡ 30ರಷ್ಟು ಇಳಿದಿತ್ತು! ಈ ಎರಡನೇ ಅಂಕಿಯನ್ನು ನೆನಪಿಡಿ. ಗೆಳತಿಯೊಬ್ಬಳು "ಇದನ್ನು ತಗೊಂಡೆ, ಆರಾಮಾಯ್ತು" ಎಂದಾಗ ಆ ಆರಾಮಿನಲ್ಲಿ ನಂಬಿಕೆಯ ಪಾಲೂ ಇರುತ್ತದೆ. ಅವಳು ಸುಳ್ಳು ಹೇಳುತ್ತಿಲ್ಲ, ಅವಳಿಗೆ ಆರಾಮಾದದ್ದು ನಿಜ. ನಿಮಗೂ ಆಗಲೇಬೇಕು ಅಂತೇನಿಲ್ಲ.

ಮೊದಲು ಊಟದಲ್ಲಿ ಕ್ಯಾಲ್ಸಿಯಂ ಎಷ್ಟು ಸಿಗುತ್ತಿದೆ ನೋಡಿಕೊಳ್ಳಿ. ಹಾಲು ಮೊಸರು, ಎಳ್ಳು, ಸೊಪ್ಪು ಇವುಗಳಲ್ಲಿ ಇದೆ. ಕಡಿಮೆ ಬಿದ್ದಷ್ಟನ್ನು ಮಾತ್ರ ಮಾತ್ರೆಯಿಂದ ತುಂಬಿಸಿಕೊಳ್ಳಿ, ಒಂದೇ ಸಲ 500 ಮಿಲಿಗ್ರಾಮಿಗಿಂತ ಜಾಸ್ತಿ ಬೇಡ. ಮೂತ್ರಪಿಂಡದಲ್ಲಿ ಕಲ್ಲು ಆದವರು ವೈದ್ಯರನ್ನು ಕೇಳಿ. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ನಾಲ್ಕು ಗಂಟೆ ಅಂತರ ಇಡಿ. ಮೂರು ತಿಂಗಳು ಬಿಡದೆ ತೆಗೆದುಕೊಂಡರಷ್ಟೇ ಫಲ ತಿಳಿಯುವುದು.

ವಿಟಮಿನ್ ಬಿ6 ಕೂಡ ಕೆಲವರಿಗೆ ನೆರವಾಗುತ್ತದೆ. ಆದರೆ 'ವಿಟಮಿನ್ ತಾನೇ' ಎಂದು ದೊಡ್ಡ ಪ್ರಮಾಣದಲ್ಲಿ ತಿಂಗಳುಗಟ್ಟಲೆ ನುಂಗಿದರೆ ಕೈಕಾಲಿನ ನರ ಕೆಡುತ್ತದೆ, ಜೋಮು ಹಿಡಿಯುತ್ತದೆ. ವೈದ್ಯರು ಹೇಳಿದ ಪ್ರಮಾಣ ಮೀರಬೇಡಿ. ಮೆಗ್ನೀಸಿಯಂ ಬಗ್ಗೆ ಪುರಾವೆ ತೆಳು. ಈವ್ನಿಂಗ್ ಪ್ರಿಮ್‌ರೋಸ್ ಎಣ್ಣೆ ತುಂಬಾ ಮಾರಾಟವಾಗುತ್ತದೆ, ಆದರೆ ಸರಿಯಾಗಿ ನಡೆದ ಪರೀಕ್ಷೆಗಳಲ್ಲಿ ಅದು ಖಾಲಿ ಮಾತ್ರೆಗಿಂತ ಮೇಲಾಗಿ ನಿಲ್ಲಲಿಲ್ಲ. ಆ ಹಣ ಉಳಿಸಿಕೊಳ್ಳಿ.

ಗಿಡಮೂಲಿಕೆಗಳಲ್ಲಿ ಪಿಎಂಎಸ್‌ಗೆ ಒಂದಿಷ್ಟು ಪುರಾವೆ ಇರುವುದು ವೈಟೆಕ್ಸ್ ಆಗ್ನಸ್ ಕಾಸ್ಟಸ್ ಎಂಬ ಗಿಡದ ಹಣ್ಣಿನ ಸಾರಕ್ಕೆ. ಯುರೋಪಿನಲ್ಲಿ ಬಹಳ ಹಿಂದಿನಿಂದ ಬಳಕೆಯಲ್ಲಿದೆ. 2001ರಲ್ಲಿ 170 ಮಂದಿಯ ಪರೀಕ್ಷೆಯೊಂದು ಮೂರು ಮುಟ್ಟಿನ ಅವಧಿ ನಡೆಯಿತು. ಸಾರ ತೆಗೆದುಕೊಂಡವರಲ್ಲಿ ಶೇಕಡ 52 ಮಂದಿಗೆ ತೊಂದರೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು. ಖಾಲಿ ಮಾತ್ರೆಯವರಲ್ಲಿ ಶೇಕಡ 24 ಮಂದಿಗೆ. ಮೂರು ತಿಂಗಳು ಎಂಬುದನ್ನು ಗಮನಿಸಿದಿರಾ? ನಿಮ್ಮ ಕ್ಯಾಪ್ಸೂಲಿನಲ್ಲಿ ಇದೇ ಇತ್ತೋ ಬೇರೆಯದೋ ನೀವು ಬರೆದಿಲ್ಲ. ಇದೇ ಆಗಿದ್ದರೂ ಎರಡು ವಾರ ಏನೇನೂ ಸಾಲದು. ಗರ್ಭಿಣಿಯರು, ಹಾಲುಣಿಸುವವರು, ಗರ್ಭನಿರೋಧಕ ಮಾತ್ರೆ ಅಥವಾ ಮಾನಸಿಕ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಾವಾಗಿ ಶುರು ಮಾಡಬಾರದು. ಸೇಂಟ್ ಜಾನ್ಸ್ ವರ್ಟ್ ಎಂಬ ಮತ್ತೊಂದು ಮೂಲಿಕೆಯಂತೂ ಗರ್ಭನಿರೋಧಕ ಮಾತ್ರೆಯ ಬಲವನ್ನೇ ಕುಗ್ಗಿಸುತ್ತದೆ. ಖಿನ್ನತೆಯ ಮಾತ್ರೆಯ ಜೊತೆ ಸೇರಿದರೆ ಅಪಾಯ.

ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ಸೌಮ್ಯ ಎಂದುಕೊಳ್ಳಬೇಡಿ. ಒಳಗೇನಿದೆ, ಎಷ್ಟಿದೆ ಎಂದು ಬರೆಯದ ಪುಡಿ, ಕ್ಯಾಪ್ಸೂಲು ಏನನ್ನೂ ಬಾಯಿಗೆ ಹಾಕಬೇಡಿ. ಅಂಥವುಗಳಲ್ಲಿ ಸೀಸ, ಪಾದರಸ ಸಿಕ್ಕಿರುವ ಉದಾಹರಣೆಗಳಿವೆ. ಮುಟ್ಟು ತಡವಾಗಿದೆ ಎಂದು 'ಮುಟ್ಟು ತರಿಸುವ' ಕಷಾಯ ಕುಡಿಯುವ ಮುಂಚೆ ಗರ್ಭ ಪರೀಕ್ಷೆ ಮಾಡಿಕೊಳ್ಳಿ.

ನಿದ್ದೆಗೆಟ್ಟರೆ ಆ ವಾರ ಇನ್ನೂ ಕಷ್ಟವಾಗುತ್ತದೆ. ಪುಸ್ತಕದಲ್ಲಿ ಆ ದಿನಗಳು ಮೊದಲೇ ಗೊತ್ತಿರುವುದರಿಂದ ದೊಡ್ಡ ಕೆಲಸ, ಕಷ್ಟದ ಮಾತುಕತೆ ಆಚೀಚೆ ಸರಿಸಿಕೊಳ್ಳಿ. ಮನೆಯಲ್ಲಿ ಒಬ್ಬರಿಗಾದರೂ "ಈ ವಾರ ನಾನು ಸ್ವಲ್ಪ ಸೂಕ್ಷ್ಮ ಇರ್ತೀನಿ" ಎಂದು ಹೇಳಿಡಿ. ಇದು ಸಣ್ಣ ಮದ್ದಲ್ಲ.

ಆದರೆ ಆ ವಾರ ಬದುಕೇ ಬೇಡ ಅನಿಸುತ್ತದೆಯೇ? ಸಂಬಂಧಗಳು ಮುರಿಯುವಷ್ಟು ಸಿಟ್ಟು ಬರುತ್ತದೆಯೇ? ಹಾಗಿದ್ದರೆ ಅದು ಪಿಎಂಎಸ್‌ನದೇ ಪಿಎಂಡಿಡಿ ಎಂಬ ತೀವ್ರ ರೂಪ ಇರಬಹುದು. ಅದಕ್ಕೆ ಮನೆಮದ್ದು ಸಾಲದು. ಒಳ್ಳೆಯ ಚಿಕಿತ್ಸೆ ಇದೆ. ಕೆಲವು ಮಾತ್ರೆಗಳನ್ನು ಮುಟ್ಟಿನ ಮುಂಚಿನ ಎರಡು ವಾರ ಮಾತ್ರ ತೆಗೆದುಕೊಂಡರೂ ಫಲ ಸಿಗುತ್ತದೆ. ಸಾಯುವ ಯೋಚನೆ ಬಂದರೆ ಮುಟ್ಟು ಬರಲಿ ನೋಡೋಣ ಎಂದು ಕಾಯಬೇಡಿ. ಆಗಲೇ ಯಾರನ್ನಾದರೂ ಜೊತೆಗೆ ಕರೆದುಕೊಂಡು ಆಸ್ಪತ್ರೆಗೆ ಹೋಗಿ.

ನೋವಿನ ವಿಷಯದಲ್ಲೂ ಕೆಲವು ಗುರುತುಗಳಿವೆ. ವರ್ಷದಿಂದ ವರ್ಷಕ್ಕೆ ನೋವು ಏರುತ್ತಿದ್ದರೆ, ಮುಟ್ಟಿಲ್ಲದ ದಿನಗಳಲ್ಲೂ ಇದ್ದರೆ, ಸಂಭೋಗದ ವೇಳೆ ಅಥವಾ ಮಲವಿಸರ್ಜನೆಯ ವೇಳೆ ಒಳಗೆ ಚುಚ್ಚಿದಂತಾದರೆ, ಮಾತ್ರೆಯನ್ನು ಸರಿಯಾದ ಹೊತ್ತಿಗೆ ತೆಗೆದುಕೊಂಡರೂ ಬಗ್ಗದಿದ್ದರೆ ಸ್ತ್ರೀರೋಗ ತಜ್ಞರನ್ನು ಕಾಣಿ. ಗಂಟೆಗೊಂದು ಪ್ಯಾಡ್ ತೊಯ್ಯುತ್ತಿದ್ದರೆ ಅಥವಾ ಏಳು ದಿನ ದಾಟಿದರೂ ನಿಲ್ಲದಿದ್ದರೆ ರಕ್ತಹೀನತೆಗೂ ಪರೀಕ್ಷೆ ಬೇಕು. ಮುಟ್ಟು ತಪ್ಪಿ, ಒಂದೇ ಪಕ್ಕದಲ್ಲಿ ಜೋರು ನೋವು ಬಂದರೆ ಅದೇ ದಿನ ಹೋಗಿ. ಗರ್ಭವು ಗರ್ಭಕೋಶದ ಬದಲು ಅದರ ಪಕ್ಕದ ನಾಳದಲ್ಲಿ ನಿಂತಿರಬಹುದು, ಅದು ಜೀವಕ್ಕೆ ಅಪಾಯ.

ಗರ್ಭಕೋಶದ ಒಳಪದರದಂಥದೇ ಪದರ ಹೊರಗೆಲ್ಲೋ ಬೆಳೆಯುವ ಎಂಡೊಮೆಟ್ರಿಯೋಸಿಸ್ ಎಂಬ ತೊಂದರೆ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇರುತ್ತದೆ. ಅದು ಪತ್ತೆಯಾಗಲು ವರ್ಷಗಳೇ ಹಿಡಿಯುತ್ತವೆ. ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೂ ಅದು ಇರಬಹುದು. ಒಬ್ಬ ವೈದ್ಯರು "ಎಲ್ಲಾ ನಾರ್ಮಲ್" ಎಂದ ಮೇಲೂ ನೋವು ಹಾಗೇ ಇದ್ದರೆ ಪುಸ್ತಕ ಹಿಡಿದು ಇನ್ನೊಬ್ಬರ ಬಳಿ ಹೋಗಿ. ತಾರೀಖು ಸಮೇತ ಬರೆದದ್ದನ್ನು ತಳ್ಳಿಹಾಕುವುದು ಕಷ್ಟ.

ಕೊನೆಗೆ, ಮಕ್ಕಳಾದ ಮೇಲೆ ಸರಿಹೋಗುತ್ತದೆಯೇ ಎಂದು ಕೇಳಿದ್ದಿರಿ. ಪ್ರೊಸ್ಟಾಗ್ಲಾಂಡಿನ್‌ನಿಂದ ಮಾತ್ರ ಬರುವ ನೋವು ವಯಸ್ಸಾದಂತೆ ಕಡಿಮೆಯಾಗುವುದುಂಟು. ಹೆರಿಗೆಯಾದ ಮೇಲೆ ಹಲವರಿಗೆ ಇಳಿಯುತ್ತದೆ, ಎಲ್ಲರಿಗೂ ಅಲ್ಲ. ಎಂಡೊಮೆಟ್ರಿಯೋಸಿಸ್ ಇದ್ದರೆ ಹೆರಿಗೆಯಿಂದ ವಾಸಿಯಾಗುವುದಿಲ್ಲ. ಅದು ಇದ್ದವರಲ್ಲಿ ಕೆಲವರಿಗೆ ಗರ್ಭ ನಿಲ್ಲುವುದೇ ತಡವಾಗುತ್ತದೆ. ಮಗು ಬೇಕೋ ಬೇಡವೋ, ಯಾವಾಗ ಬೇಕು ಎನ್ನುವುದನ್ನು ನಿಮ್ಮ ಇಷ್ಟ ನೋಡಿ ನಿರ್ಧರಿಸಿ. ಅದನ್ನು ಹೊಟ್ಟೆನೋವಿನ ಔಷಧಿ ಎಂದು ಯಾರು ಹೇಳಿದರೂ ಒಪ್ಪಬೇಡಿ. ಈ ತಿಂಗಳು ಪುಸ್ತಕ ಶುರು ಮಾಡಿ. ಮೂರು ಮುಟ್ಟು ಕಳೆದ ಮೇಲೆ ಅದರಲ್ಲಿ ಏನು ಕಂಡಿರಿ ಎಂದು ನನಗೆ ಬರೆಯಿರಿ, ಮುಂದಿನದನ್ನು ಅದನ್ನು ನೋಡಿಯೇ ಹೇಳುತ್ತೇನೆ.